ಅತ್ತೆ ಪಕ್ಕದ ಜಾಗ

ಮೊನ್ನೆ ನಮ್ಮ ಬೀದಿಯಲ್ಲಿ ಅಡುಗೆ ಗ್ಯಾಸಿನ ಪೈಪಿಗೆಂದು ಜೆಸಿಬಿ ತಂದು ಅಗೆದರು. ಹಸಿ ಕೆಮ್ಮಣ್ಣಿನ ವಾಸನೆಯೂ ಡೀಸೆಲ್ಲಿನ ವಾಸನೆಯೂ ಬೆರೆತು ಮನೆಯೊಳಕ್ಕೆ ಬಂತು. ಕಿಟಕಿ ಹಾಕಿದೆ. ಹಾಕಿದರೂ ಹೋಗಲಿಲ್ಲ. ಆ ವಾಸನೆಯ ಹಿಂದೆಯೇ ದೊಡ್ಡಪ್ಪ ನೆನಪಾದರು... ಸ್ವಂತ ದೊಡ್ಡಪ್ಪ ಅಲ್ಲ. ಕೂಟಗಲ್ ಕಡೆ ನಮ್ಮ ಹೊಲದ ಬದುವಿನಾಚೆ ಅವರ ಹೊಲವಿತ್ತು. ವರಸೆಯಲ್ಲಿ ದೊಡ್ಡಪ್ಪ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಪೆಟ್ರೋಲು ಸಾಗಿಸುವ ದೊಡ್ಡ ಪೈಪೊಂದನ್ನು ಅವರ ಹೊಲದ ನಡುವೆ ಹೂತರು. ಅವರ ಹೊಲದಲ್ಲಿ ಅರ್ಧ ಬರೀ ಬಂಡೆ; ಮಣ್ಣಿದ್ದ ಭಾಗವೆಲ್ಲ ಪೈಪಿನ ಪಟ್ಟೆಗೇ ಸಿಕ್ಕಿತು. ಮಣ್ಣು ಮುಚ್ಚಿ, ಬೋರ್ಡು ನೆಟ್ಟು, ಪೈಪಿನವರು ಊರವರನ್ನು ಕೂರಿಸಿಕೊಂಡು ಹೇಳಿದರು. ರಾಗಿ ಬೆಳೆಯಿರಿ, ಅವರೆ ಹಾಕಿ, ಮೇಲೆ ಮೇಲೆ ಉಳುಮೆ ಮಾಡಿ. ಮರ ನೆಡಬೇಡಿ, ಬೋರು ಕೊರೆಸಬೇಡಿ, ಆಳಕ್ಕೆ ಅಗೆಯಬೇಡಿ. ನಮ್ಮಪ್ಪ ಸೇರಿ ಎಲ್ಲರೂ ತಲೆಯಾಡಿಸಿ ಬಂದರು. ನಿಜವಾಗಿ ಕಿವಿಗೆ ಹಾಕಿಕೊಂಡವರು ದೊಡ್ಡಪ್ಪ ಒಬ್ಬರೇ ಇರಬೇಕು.

ಪಟ್ಟೆಯೊಳಗಿದ್ದ ಹಿಪ್ಪುನೇರಳೆಯನ್ನು ತಾವೇ ಕಿತ್ತು ರಾಗಿ ಚೆಲ್ಲಿದರು. ಸೊಪ್ಪಿಲ್ಲದೆ ಹುಳು ಸಾಕುವುದೂ ನಿಂತಿತು. ಟ್ರ್ಯಾಕ್ಟರಿನವನು ನೇಗಿಲನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು, ಬದುವಿನ ಮೇಲಿಂದ ಕೂಗು ಬೀಳುತ್ತಿತ್ತು.

“ಲೇ, ಮೇಲೆತ್ಲಾ! ಅಳಿಯಂದ್ರು ಮಲಗವ್ರೆ ಕಣ್ಲಾ!”

ಪೈಪಿಗೆ ಅವರಿಟ್ಟ ಹೆಸರು ಅದು, ಅಳಿಯಂದ್ರು. ಕರೆಯದೆ ಬಂದವರು, ಒಂದು ಕೆಲಸ ಮಾಡುವುದಿಲ್ಲ, ಎದ್ದು ಹೋಗಿ ಎನ್ನುವಂತಿಲ್ಲ, ಅವರ ಮುಂದೆ ನಾವೇ ಮೆತ್ತಗೆ ನಡೆಯಬೇಕು. ನಾವು ನಗುತ್ತಿದ್ದೆವು. ದೊಡ್ಡಪ್ಪನೂ ನಗುತ್ತಿದ್ದರು. ಆದರೆ ನೇಗಿಲು ಮೇಲೆ ಬರುವ ತನಕ ಬದು ಬಿಟ್ಟು ಇಳಿಯುತ್ತಿರಲಿಲ್ಲ.

ನಮ್ಮ ಕಡೆ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು. ದೊಡ್ಡಪ್ಪನ ತಾಯಿಯ ಗುಡ್ಡೆ ಆ ಪಟ್ಟೆಯ ಅಂಚಿನಲ್ಲೇ ಇತ್ತು. ಪೈಪಿನವರು ಅದನ್ನು ಮುಟ್ಟದೆ ಪಕ್ಕದಲ್ಲಿ ಅಗೆದುಕೊಂಡು ಹೋಗಿದ್ದರು. ದೊಡ್ಡಮ್ಮ ಕಳೆ ಕೀಳುವಾಗ ಗುಡ್ಡೆಯ ಪಕ್ಕದ ಮಣ್ಣನ್ನು ಅಂಗೈಯಲ್ಲಿ ತಟ್ಟಿ, “ನಂದು ಇಲ್ಲೇ, ನಮ್ಮತ್ತೆ ಪಕ್ಕ” ಎನ್ನುತ್ತಿದ್ದರು. ತಾಯಿಯಿಲ್ಲದ ಹುಡುಗಿಯಾಗಿ ಆ ಮನೆ ಸೇರಿದವರನ್ನು ಆ ಅತ್ತೆ ಮಗಳ ಹಾಗೆ ನೋಡಿಕೊಂಡಿದ್ದರಂತೆ. ದೊಡ್ಡಪ್ಪ ಹೂಂ ಅಂದಿದ್ದರು, ಪೈಪು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ.

ಒಂದು ಬೇಸಿಗೆಯಲ್ಲಿ ದೊಡ್ಡಮ್ಮ ಹೋದರು... ಜ್ವರ ಅಂತ ಮಲಗಿದವರು ಏಳಲೇ ಇಲ್ಲ. ಊರಿನ ಗಂಡಸರು ಹಾರೆ ಗುದ್ದಲಿ ಹಿಡಿದು ನೇರ ಆ ಗುಡ್ಡೆಯ ಹತ್ತಿರವೇ ನಡೆದರು. ಪೈಪಿನ ನೆನಪು ಒಬ್ಬರಿಗೂ ಆಗಲಿಲ್ಲ. ಹೆಣದ ಗುಂಡಿಯನ್ನು ಅಗೆತ ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಪೈಪಿನವರೂ ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ.

ಹೆಣದ ಪಕ್ಕ ಕೂತಿದ್ದ ದೊಡ್ಡಪ್ಪ ಸುದ್ದಿ ತಿಳಿದದ್ದೇ ಬರಿಗಾಲಲ್ಲಿ ಓಡಿಬಂದು ಆ ಜಾಗದ ಮೇಲೇ ಕೂತುಬಿಟ್ಟರು.

“ಇಲ್ಲಿ ಬ್ಯಾಡ.”

ದೊಡ್ಡಮ್ಮನ ತಮ್ಮ ರೇಗಿದ. “ಅಕ್ಕುಂಗೆ ಮಾತು ಕೊಟ್ಟಿದ್ದೆ ಅಲ್ವಾ ಬಾವ? ಒಸಿ ಪಕ್ಕಕ್ಕೆ ಅಗುದ್ರೆ ಏನಾಯ್ತದೆ?”

“ಆಗ್ಬುಟ್ರೆ? ಅವ್ಳ್ನ ಮಣ್ಮಾಡಕೆ ಬಂದೋರ್ನೆಲ್ಲ ಅವ್ಳ ಜೊತೇಲೇ ಕಳ್ಸ್ಲಾ?”

ದೊಡ್ಡಪ್ಪ ಅಳುತ್ತಿರಲಿಲ್ಲ. ಸುಸ್ತಾಗಿ ಕೂತವರ ಮುಖವಿತ್ತು. ಕೊನೆಗೆ ನಮ್ಮಪ್ಪ ಬದುವಿನ ಈಚೆ ನಮ್ಮ ಹೊಲದ ಮೂಲೆ ತೋರಿಸಿದರು. ದೊಡ್ಡಮ್ಮನನ್ನು ಅಲ್ಲಿ ಮಣ್ಣು ಮಾಡಿದೆವು. ತಮ್ಮ ಹಾಲು ತುಪ್ಪಕ್ಕೂ ಬರಲಿಲ್ಲ, ಮತ್ತೆ ಆ ಮನೆಯ ಹೊಸಿಲು ತುಳಿಯಲೂ ಇಲ್ಲ. ನನಗೂ ಸಿಟ್ಟು ಬಂದಿತ್ತು. ದೊಡ್ಡಪ್ಪನ ಮೇಲಲ್ಲ, ಆ ತಮ್ಮನ ಮೇಲೂ ಅಲ್ಲ. ಯಾರ ಮೇಲೆ ಅಂತ ಇವತ್ತಿಗೂ ತಿಳಿಯದು...

ಕೆಲವು ವರ್ಷಕ್ಕೆ ಕೈಗಾರಿಕೆಗೆಂದು ನಮ್ಮ ಹೊಲವೇ ಹೋಯಿತು. ಸುತ್ತ ಕಾಂಪೌಂಡು ಎದ್ದಿತು. ದೊಡ್ಡಮ್ಮ ಮಲಗಿದ್ದ ಮೂಲೆಗೆ ಕಾಂಕ್ರೀಟು ಸುರಿದು ಲಾರಿ ನಿಲ್ಲಿಸಿದರು. ಗೇಟಿನಲ್ಲಿದ್ದವರು ದೊಡ್ಡಪ್ಪನನ್ನು ಒಳಗೆ ಬಿಡಲಿಲ್ಲ. ಪೈಪಿನ ಪಟ್ಟೆಯ ಮೇಲೆ ಮಾತ್ರ ಯಾರೂ ಏನೂ ಕಟ್ಟುವಂತಿಲ್ಲವಲ್ಲ, ಅವರ ತಾಯಿಯ ಗುಡ್ಡೆ ಇದ್ದ ಹಾಗೇ ಉಳಿಯಿತು. ಅವತ್ತು ಸುಮ್ಮನಿದ್ದುಬಿಟ್ಟಿದ್ದರೆ ದೊಡ್ಡಮ್ಮನ ಗುಡ್ಡೆಯೂ ಉಳಿಯುತ್ತಿತ್ತೇನೋ. ಅವರು ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೂ ಹೊಟ್ಟೆ ಉರಿಯುತ್ತದೆ. ಇದನ್ನು ನಾನು ಅವರ ಮುಂದೆ ಒಂದು ದಿನವೂ ಆಡಲಿಲ್ಲ. ಅವರಿಗೆ ಹೊಳೆಯದೆ ಇರುತ್ತದೆಯೇ?

ಒಂದು ಪಿತೃಪಕ್ಷದಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ತಾಯಿಯ ಗುಡ್ಡೆಯ ಮುಂದೆ ಎರಡು ಬಾಳೆಲೆ ಹಾಕಿ ಎಡೆ ಇಡುತ್ತಿದ್ದರು. ಎರಡನೆಯದು ಯಾರಿಗೆ ಎಂದು ಕೇಳಿದೆ.

“ನಿಮ್ ದೊಡ್ಡವ್ವುಂಗೆ ಕಣವ್ವ. ಅವ್ಳಿರೋ ತಾವ್ಕೆ ನನ್ನ ಬುಡಕ್ಕಿಲ್ಲ. ನಮ್ಮವ್ವ ಕರ್ದು ಕೊಡ್ತಾಳೆ ಬುಡು.”

ಈಗ ದೊಡ್ಡಪ್ಪನೂ ಇಲ್ಲ. ಕನಕಪುರದಲ್ಲಿ ಮಗಳ ಮನೆಯಲ್ಲಿದ್ದಾಗ ತೀರಿಕೊಂಡರು. ಹೂಳಲು ಜಾಗವೆಲ್ಲಿದೆ, ಅಲ್ಲೇ ಸುಟ್ಟರು ಎಂದು ನನಗೆ ತಡವಾಗಿ ತಿಳಿಯಿತು. ಈ ಸಲ ಪಿತೃಪಕ್ಷಕ್ಕೆ ನಾನಾದರೂ ಹೋಗಿ ಬರಬೇಕು ಎಂದುಕೊಳ್ಳುತ್ತೇನೆ. ಬಸ್ಸು ಹತ್ತಲು ಕಾಲೇ ಬರುವುದಿಲ್ಲ... ಹೋದರೆ ಆ ಗುಡ್ಡೆಯ ಮುಂದೆ ಮೂರು ಎಲೆ ಹಾಕಬೇಕು.