ಟ್ಯಾಕ್ಸಿಗೆ ದನದ ಡಾಕ್ಟರ ಸರ್ಟಿಫಿಕೇಟು

ಸೊಲ್ಲಾಪುರ ಸೀಮೆಯ ಒಂದು ಚಿಕ್ಕ ಮುನ್ಸಿಪಾಲ್ಟಿಯಲ್ಲಿ ನಾನು ಗುಮಾಸ್ತನಾಗಿದ್ದಾಗ, ಟ್ಯಾಕ್ಸಿ ಲೈಸೆನ್ಸಿಗೆ ಹೊಸ ನಿಯಮ ಬರೆಯುವ ಘನಕಾರ್ಯ ನನ್ನ ಪಾಲಿಗೆ ಬಂತು. ಹಳೆಯ ಟಾಂಗಾ ನಿಯಮಗಳನ್ನೇ ನಕಲು ಮಾಡಿ, ‘ಟಾಂಗಾ’ ಇದ್ದಲ್ಲೆಲ್ಲ ‘ಟ್ಯಾಕ್ಸಿ’ ಎಂದು ತಿದ್ದಿದೆ. ಸಭೆ ಒಮ್ಮತದಿಂದ ಒಪ್ಪಿತು. ಕುದುರೆಯನ್ನು ದನದ ಡಾಕ್ಟರಿಗೆ ತೋರಿಸಿ ಸರ್ಟಿಫಿಕೇಟು ತರಬೇಕೆಂಬ ಕಲಮು ಹಾಗೆಯೇ ಉಳಿದಿತ್ತು.

ಮೊದಲು ಬಂದವನು ಚಪಳಗಾಂವದ ಡ್ರೈವರ. ಮರುದಿನ ಗುರುವಾರ, ಭಕ್ತರನ್ನು ಅಕ್ಕಲಕೋಟೆಗೆ ಒಯ್ಯುವ ಬಾಡಿಗೆ ಒಪ್ಪಿಕೊಂಡಿದ್ದ. ಲೈಸೆನ್ಸಿಲ್ಲದೆ ಹೋಗುವಂತಿರಲಿಲ್ಲ.

“ಕುದರೀನ ಇಲ್ಲಲ್ರಿ ರಾವಸಾಹೇಬ್ರ, ಏನ್ ತೋರಸ್ಲಿ?”

“ಕಲಮು ತಿದ್ದಾಕ ಮತ್ತ ಸಭಾ ಕೂಡಬೇಕಪಾ. ಗಾಡೀನ ಒಯ್ದು ತೋರಸು.”

ಡಾಕ್ಟರರು ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿ, ‘ನಾಲ್ಕೂ ಕಾಲು ಗಟ್ಟಿ, ಕುಂಟುವುದಿಲ್ಲ’ ಎಂದು ಬರೆದುಕೊಟ್ಟರು. ನಾನು ಶಿಕ್ಕಾ ಒತ್ತಿದೆ. ಗುರುವಾರದ ಬಾಡಿಗೆ ಉಳಿಯಿತು.