ಗ್ರಿಲ್ ಆರಿಸುವ ಗಂಡ
ಸಾಮಾನು ಆರಿಸುವುದರಲ್ಲೇ ಪ್ರವಾಸ ಮುಗಿಸಿಬಿಡುವ ಗಂಡಸರ ಒಂದು ಜಾತಿಯಿದೆ. ನಾನು ಅದರ ಕುಲತಿಲಕ. ನಿವೃತ್ತನಾದ ತಿಂಗಳೇ ಹಾಸಿಗೆ, ಸಿಂಕು ಎಲ್ಲ ಇರುವ ಕ್ಯಾರವಾನ್ ಕೊಂಡೆ. ಮಾರಿದವರೇ ಅದನ್ನು ತಂದು ಮನೆ ಮುಂದೆ ನಿಲ್ಲಿಸಿ ಹೋದರು. ಇನ್ನು ದಾರಿಯಲ್ಲಿ ಜೋಳ, ಪನೀರ್ ಸುಟ್ಟು ತಿನ್ನಲು ಒಂದು ಪುಟ್ಟ ಗ್ರಿಲ್ ಒಲೆ ಮಾತ್ರ ಬಾಕಿ. ಇದ್ದಿಲಿನದು ಹೊಗೆ ಕಾರುತ್ತದೆ, ಗ್ಯಾಸಿನದು ಗಾಳಿಗೆ ಆರುತ್ತದೆ, ಕರೆಂಟಿನದು ಬ್ಯಾಟರಿ ಕುಡಿಯುತ್ತದೆ. ದಿನಾ ಬೆಳಿಗ್ಗೆ ಟೇಪು ಹಿಡಿದು ಅಂಗಡಿಗೆ ಹೋಗಿ, ಮುಚ್ಚಳ ಎತ್ತಿ, ಕಾಲು ಮಡಚಿ ನೋಡಿ, "ಯೋಚಿಸಿ ಹೇಳ್ತೀನಿ" ಎಂದು ಬರುತ್ತಿದ್ದೆ. ಕ್ರಮೇಣ ಅಂಗಡಿಯವರು ನನಗೊಂದು ಕುರ್ಚಿಯನ್ನೇ ಹಾಕಿಕೊಟ್ಟರು. ಗಿರಾಕಿಗಳು ನನ್ನನ್ನೇ ಮಾಲೀಕನೆಂದುಕೊಂಡು ಬೆಲೆ ಕೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಒಂದು ದಿನ ಹೆಂಡತಿ ಕೇಳಿದಳು: "ನಿಜ ಹೇಳಿ, ಯಾವುದೂ ಯಾಕೆ ಹಿಡಿಸ್ತಿಲ್ಲ?" ಗ್ರಿಲ್ ಸಿಕ್ಕರೆ ಹೊರಡಬೇಕಾಗುತ್ತದೆ, ಅಷ್ಟುದ್ದದ ಗಾಡಿ ಓಡಿಸಲು ನನಗೆ ಭಯ ಎಂದು ಮೊದಲ ಸಲ ಬಾಯಿಬಿಟ್ಟೆ. ಅವಳು ನಗಲಿಲ್ಲ. "ನಂಗೊತ್ತಿತ್ತು. ನೀವು ಅಂಗಡೀಲಿ ಕೂತಿದ್ದಾಗೆಲ್ಲ ನಾನು ಡ್ರೈವಿಂಗ್ ಸ್ಕೂಲಿಗೆ ಹೋಗಿ ದೊಡ್ಡ ಗಾಡಿ ಕಲಿತೆ," ಎಂದು ಪರ್ಸಿನಿಂದ ಹೊಸ ಲೈಸೆನ್ಸ್ ತೆಗೆದು ತೋರಿಸಿದಳು. ಮರುದಿನ ಬೆಳಿಗ್ಗೆ ನಾನು ಅವಳ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ದಾರಿಯಲ್ಲಿ ಅವಳೇ ಇಳಿದು, ಕೈಗೆ ಸಿಕ್ಕ ಮೊದಲ ಗ್ರಿಲ್ ಕೊಂಡು ತಂದಳು.