ಡಾಕ್ಟರಮ್ಮನ ತಪಾಸಣೆ

2024ರ ಮಾರ್ಚ್ 2, ಶನಿವಾರ. ಆಧಾರ: ಅಡುಗೆಮನೆಯ ಗೋಡೆಯ ಕ್ಯಾಲೆಂಡರು; ಆ ಚೌಕದಲ್ಲಿ ನನ್ನ ಕೈಬರಹದಲ್ಲಿ "ಡಾಕ್ಟರಮ್ಮ, ಸಂಜೆ" ಎಂದಿದೆ. ಅಂದು ಡಾಕ್ಟರ್ ಸುಲೋಚನಾ ನಮ್ಮ ಕ್ವೀನ್ಸ್‌ಬರಿಯ ಫ್ಲ್ಯಾಟಿಗೆ ಬಂದವರೇ, ಕೋಟನ್ನೂ ತೆಗೆಯದೆ, ಜ್ವರ ನೋಡುವವರಂತೆ ನನ್ನ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟರು.

ಅವರು ಧಾರವಾಡದವರು, ಈ ಪರದೇಶದಲ್ಲಿ ಜಿ.ಪಿ.ಯಾಗಿ, ಎಂದರೆ ಬಡಾವಣೆಯ ವೈದ್ಯೆಯಾಗಿ ದುಡಿದು ನಿವೃತ್ತರಾಗಿ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ನೆಲದಡಿಯ ಟ್ಯೂಬ್ ರೈಲಿನಲ್ಲಿ ನೆಟ್‌ವರ್ಕ್ ಸಿಗದೆಂದು ಹಾಡಿನ ವಿಡಿಯೊಗಳನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡುವುದು ಅವರ ರೂಢಿ. ಯಾವ ಯಂತ್ರ ಕೆಟ್ಟರೂ ಮೊದಲು ರೋಗದ ಚರಿತ್ರೆ ಕೇಳುತ್ತಿದ್ದರು. ಲಿಫ್ಟ್ ನಿಂತ ದಿನ, ಅದು ಹಿಂದಿನ ರಾತ್ರಿ ನರಳಿತ್ತೇ ಎಂದು ಮೆಕ್ಯಾನಿಕ್‌ನನ್ನು ಗಂಭೀರವಾಗಿಯೇ ವಿಚಾರಿಸಿದ್ದರು.

ತೀರಿಕೊಂಡ ನನ್ನ ಹೆಂಡತಿ ಕಮಲೆಯ ಒಂದು ಭಾಷಣ ಇಲ್ಲಿನ ಸಣ್ಣದೊಂದು ಸಂಘದ ಅಂತರ್ಜಾಲ ಚಾನೆಲಿನಲ್ಲಿತ್ತು. ಅವಳ ದನಿ ಉಳಿದಿದ್ದುದು ಅಲ್ಲಿ ಮಾತ್ರ. ತಿಂಗಳ ಕೊನೆಗೆ ಆ ಚಾನೆಲ್ ಮುಚ್ಚುವುದಿತ್ತು. ವಿಡಿಯೊ ಇಳಿಸಲೆಂದು ನಾನು ಬ್ರೌಸರಿಗೆ ಸೇರಿಸಿಕೊಂಡಿದ್ದ ಉಪಕರಣ ಚಿತ್ರವನ್ನಷ್ಟೇ ಉಳಿಸುತ್ತಿತ್ತು. ಕಮಲೆಯ ತುಟಿ ಆಡುತ್ತಿತ್ತು, ಸದ್ದಿಲ್ಲ.

"ಯಾವಾಗಿಂದ ಹಿಂಗ ಆಗೇದ?"

"ಮೊದಲಿನಿಂದಲೂ."

"ತಾರೀಖ್ ಹೇಳಲಾರದ ಮಾತಾಡಿದ್ರಲಾ ಸಾಹೇಬ್ರ, ಆರಾಮ ಅದೀರಿಲ್ಲೋ?" ಎಂದು, ತಾರೀಖಿಲ್ಲದೆ ಮಾತಾಡದ ನನ್ನ ಚಾಳಿ ಬಲ್ಲ ಅವರು ನಕ್ಕರು. "ವಿಡಿಯೊ ಒಮ್ಮೆರೆ ಪೂರಾ ಓಡಿಸೀರೇನು?"

"ಇಲ್ಲ. ಅವಳು ಬಾಯಿ ತೆರೆಯುತ್ತಲೇ ನಿಲ್ಲಿಸಿಬಿಡುತ್ತೇನೆ."

ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. ಹಳೆಯ ಉಪಕರಣವನ್ನು ತೆಗೆದು, ವಿಡಿಯೊ ಓಡುತ್ತಿದ್ದಂತೆಯೇ ಅದನ್ನು ಹಿಡಿದಿಡುವ ಬೇರೊಂದನ್ನು ಹಾಕಿದರು.

"ಚಿತ್ರ ಬ್ಯಾರೆ, ದನಿ ಬ್ಯಾರೆ ಬರ್ತಾವ್ರಿ ಇದರಾಗ. ಎರಡೂ ಬೇಕಂದ್ರ ಕಡೀತನಕ ಓಡಿಸಬೇಕು. ನಡುವ ನಿಲ್ಲಿಸೂಹಂಗಿಲ್ಲ."

"ಇವತ್ತು ಬೇಡ ಡಾಕ್ಟರಮ್ಮ."

"ಆತು, ಹೆದರಬ್ಯಾಡ್ರಿ. ಆವಾಗ ನಾನೂ ಬಂದು ಕೂಡ್ತೀನಿ. ಚಹಾಕ್ಕ ಸಕ್ಕರಿ ಅಷ್ಟು ಸರಿಯಾಗಿ ಹಾಕ್ರಿ; ಇವತ್ತಿಂದು ಔಷಧ ಕುಡದಂಗಾತು."

ಬಂದರು. ನನಗೆ ನಿಚ್ಚಳವಾಗಿ ನೆನಪಿದೆ: ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಭಾಷಣ ಮುಗಿಯುವವರೆಗೂ ಕೇಳಿದರು. ಈ ಸಲ ಸಕ್ಕರೆ ಸರಿಯಾಗಿತ್ತು. ಭಾಷಣದ ಹಾಳೆ ಅದಲುಬದಲಾಗಿ ಕಮಲೆ ನಕ್ಕಾಗ, "ಭಾಳ ಚೆಂದ ನಗ್ತಾರ್ರಿ" ಎಂದರು. ನಾನು ಅಳುತ್ತಿದ್ದುದನ್ನು ಕಂಡೂ ಕಾಣದವರಂತೆ ಹೊರಗೆ ನೋಡುತ್ತಿದ್ದರು.

ಇದನ್ನು ಬರೆಯುವ ಮುನ್ನ ದಿನಾಂಕಗಳನ್ನು ತಾಳೆ ನೋಡಿದೆ. ದನಿಸಮೇತ ಉಳಿದಿರುವ ವಿಡಿಯೊ ಒಂದೇ. ಅದನ್ನು ಇಳಿಸಿಕೊಂಡ ದಿನಾಂಕ ಮಾರ್ಚ್ 16. ಡಾಕ್ಟರಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡದ್ದು, ಅಂತ್ಯಕ್ರಿಯೆಯ ಕಾರ್ಡಿನ ಪ್ರಕಾರ, ಮಾರ್ಚ್ 11. ಲ್ಯಾಪ್‌ಟಾಪಿನ ಗಡಿಯಾರ ತಪ್ಪಿರಬಹುದೆಂದು ಅದನ್ನೂ ಪರೀಕ್ಷಿಸಿದೆ, ಸರಿಯಿದೆ. ದಾಖಲೆಗಳ ಪ್ರಕಾರ, ಕಮಲೆಯ ಭಾಷಣವನ್ನು ಕೊನೆಯವರೆಗೆ ನಾನೊಬ್ಬನೇ ಕೇಳಿದ್ದೇನೆ.